ಬೇಕು ಅಂದವರೇ ಸಾಕು ಅನ್ನಬೇಕು

ಉಜ್ಜಿನಪ್ಪನವರು ಕುರುಗೋಡು ಬಸ್ ನಿಲ್ದಾಣದ ಕಂಟ್ರೋಲರು. ಈ ಮಾತನ್ನು ಅವರೇ ಮೊದಲು ಹೇಳಿಬಿಡುತ್ತಿದ್ದರು. ಎದುರಿನವರು ಕೇಳುವ ತನಕ ಕಾಯುವ ಪದ್ಧತಿ ಅವರಲ್ಲಿರಲಿಲ್ಲ. ಕೊರಳಲ್ಲಿ ಕಪ್ಪು ದಾರ, ದಾರಕ್ಕೆ ಹಿತ್ತಾಳೆಯ ಸೀಟಿ. ಅವರು ಸೀಟಿ ಊದಿದರೆ ಬಸ್ಸು ಹೊರಡುತ್ತಿತ್ತು. ಊದದಿದ್ದರೂ ಹೊರಡುತ್ತಿತ್ತು ಎಂಬುದು ಬೇರೆ ವಿಷಯ, ಅದನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ಇಂಥವರು ಸಿರುಗುಪ್ಪದಲ್ಲಿ ಹೆಂಡತಿಯ ಅಣ್ಣ ಮಾರೆಣ್ಣನ ಮನೆಯ ಕುಬಸದ, ಅಂದರೆ ಸೀಮಂತದ, ಊಟಕ್ಕೆ ಹೋದದ್ದೇ ಎಲ್ಲಕ್ಕೂ ಮೂಲ. ಮಾರೆಣ್ಣನದು ಕಾಲುವೆಯ ಕೊನೇ ಭಾಗದ ಭತ್ತದ ಗದ್ದೆ. ನೀರು ಯಾವಾಗ ಬರುತ್ತದೋ ಆ ತುಂಗಭದ್ರೆಗೇ ಗೊತ್ತು. ಅಲ್ಲಿಯ ರೈತರೆಲ್ಲ ರಾತ್ರಿಯೆಲ್ಲ ನಿದ್ದೆಗೆಟ್ಟು ಬದುವಿನ ಮೇಲೆ ಕೂತು ಕಣ್ಣು ಕೆಂಪು ಮಾಡಿಕೊಳ್ಳಬೇಕು. ಉಜ್ಜಿನಪ್ಪನವರ ಮಗಳು ನೇತ್ರಾ ಇದಕ್ಕೊಂದು ಡಬ್ಬಿ ಮಾಡಿದ್ದಳು. ಗದ್ದೆಯಲ್ಲಿ ಗೂಟ ನೆಟ್ಟು ಡಬ್ಬಿ ಕಟ್ಟಿದರೆ ಸಾಕು, ನೀರು ಮುಟ್ಟಿದ ಕೂಡಲೇ ಮೊಬೈಲಿಗೆ 'ನೀರು ಬಂತು' ಎಂದು ಸುದ್ದಿ ಬರುತ್ತಿತ್ತು. ಈ ಕೆಲಸದಲ್ಲಿ ಅವಳ ಜೊತೆಗಾರ ಫಾರೂಕ್, ಅವರ ವಠಾರದ ಮಾಲೀಕ ಅಬ್ದುಲ್ ಸಮದ್ ಅವರ ಮಗ.

"ಬ್ಯಾಟ್ರಿ ಎಷ್ಟು ದಿನ ಬರತೈತವ್ವಾ?" ಎಂದು ಮಾರೆಣ್ಣ ಕೇಳಿದ.

ನೇತ್ರಾ ಬಾಯಿ ತೆರೆಯುವುದರೊಳಗೆ ಕಂಟ್ರೋಲರು ಹೋಳಿಗೆ ನುಂಗಿ ಎದ್ದು ನಿಂತರು.

"ಬ್ಯಾಟ್ರೀನಾ? ನಾಟಿ ಮಾಡಿದಾಗ ಹಾಕಿ ಮರ್ತುಬಿಡು, ಕೊಯ್ಲಿಗೆ ತೆಗಿ! ನಡುವ ಸತ್ರ ನನ್ನ ಹೆಸರು ಕಂಟ್ರೋಲರ್ ಉಜ್ಜಿನಪ್ಪ ಅಲ್ಲ!"

ಊಟಕ್ಕೆ ಕೂತಿದ್ದ ಕಾಲುವೆ ರೈತರೆಲ್ಲ ಇದನ್ನು ಕೇಳಿದರು. ಆ ವಾರವೇ ಅವರ ಗದ್ದೆಗಳಲ್ಲಿ ಡಬ್ಬಿ ನಿಂತವು. ನಾಲ್ಕೈದು ದಿನಕ್ಕೆ ಒಂದಾದ ಮೇಲೆ ಒಂದು ಎಲ್ಲವೂ ಸತ್ತವು.

ಮಾರೆಣ್ಣನ ಫೋನು ಬಂದಾಗ ಉಜ್ಜಿನಪ್ಪನವರು ಮಿರ್ಚಿ ತಿನ್ನುತ್ತಿದ್ದರು.

"ಭಾವಾ, ಒಂದು ಮಾತು ಕೇಳಬೇಕಿತ್ತು."

"ಕೇಳಪ್ಪ."

"ನಿನ್ನ ಹೆಸರು ಇನ್ನ ಮ್ಯಾಲೆ ಏನಂತ ಕರೀಬೇಕು?"

ಮಿರ್ಚಿ ಗಂಟಲಲ್ಲೇ ನಿಂತಿತು. ಮಾರೆಣ್ಣ ಮುಂದುವರಿಸಿದ: ಭಾನುವಾರ ಕಾಲುವೆ ರೈತರ ಸಭೆ. ಅಷ್ಟರೊಳಗೆ ರೋಗ ಏನೆಂದು ಗೊತ್ತಾಗಿ ಮದ್ದು ಸಿಕ್ಕರೆ ಸರಿ, ಇಲ್ಲವಾದರೆ ಡಬ್ಬಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಸ್ಸಿಗೆ ಹಾಕುತ್ತೇನೆ. "ಸಂಬಂಧ ಬ್ಯಾರೆ, ನೀರು ಬ್ಯಾರೆ ಭಾವಾ. ತಪ್ಪು ತಿಳೀಬ್ಯಾಡ," ಎಂದು ಫೋನಿಟ್ಟ. ಡಬ್ಬಿಗಳು ವಾಪಸ್ ಬಂದರೆ ನೇತ್ರಾ ಮತ್ತು ಫಾರೂಕರ ಅಂಗಡಿಗೆ ಬೀಗ ಬಿದ್ದ ಹಾಗೆಯೇ. ಅವರನ್ನು ನಂಬಿ ಡಬ್ಬಿ ಕಟ್ಟಿಸಿಕೊಂಡವರು ಸಿರುಗುಪ್ಪದವರು ಮಾತ್ರ.

ಮನೆಯಲ್ಲಿ ಹೆಂಡತಿ ಕೊಟ್ರಮ್ಮನಿಗೆ ಸುದ್ದಿ ಮೊದಲೇ ಮುಟ್ಟಿತ್ತು. "ನಾನಂತೂ ಎಂದೂ ನಿಮ್ಮ ಹೆಸರು ಹಿಡದು ಕರ್ದಿಲ್ಲ. ಹೋದ್ರೂ ನಂಗೇನು ಲುಕ್ಸಾನಿಲ್ಲ," ಎಂದಳು. "ಆದ್ರ ಮಗಳು ಮಧ್ಯಾಹ್ನದಿಂದ ಉಂಡಿಲ್ಲ. ಹೋಗಿ ನೋಡ್ರಿ."

ಬಳ್ಳಾರಿಯ ಕೌಲ್ ಬಜಾರಿನ ಆ ವಠಾರದಲ್ಲಿ ಕೆಳಗೆ ಸಮದ್ ಅವರ ತಗಡಿನ ಟ್ರಂಕಿನ ಅಂಗಡಿ, ಮೇಲೆ ಬಾಡಿಗೆ ಮನೆಗಳು, ಮೂಲೆಯ ಕೋಣೆಯಲ್ಲಿ ಮಕ್ಕಳ ಡಬ್ಬಿ ಅಂಗಡಿ. ಉಜ್ಜಿನಪ್ಪನವರು ಒಳಗೆ ಹೋಗಿ ಸತ್ತ ಡಬ್ಬಿಯೊಂದನ್ನು ಕಲ್ಲಂಗಡಿಯಂತೆ ಬೆರಳಿನಿಂದ ತಟ್ಟಿ ನೋಡಿದರು.

"ಏನಾಗೈತಿ ಇದಕ್ಕ?"

"ನಿದ್ದಿ ಇಲ್ಲಪ್ಪ," ಎಂದಳು ನೇತ್ರಾ. "ಇದರೊಳಗ ಕರ್ನಲ್ ಅಂತ ಒಂದು ಸಾಫ್ಟ್‌ವೇರ್ ಐತಿ. ಎಲ್ಲಾದಕ್ಕೂ ಅದೇ ಯಜಮಾನ. ರೇಡಿಯೋ, ಸೆನ್ಸರು, ಯಾವುದಕ್ಕ ಕೆಲಸ ಇಲ್ಲೋ ಅದನ್ನ ಅದು ಆಗಿಂದಾಗ ಮಲಗಸ್ತೈತಿ. ಯಾರಿಗರ ರೇಡಿಯೋ ಬೇಕಾತು ಅನ್ನು, ಅವರು ಕರ್ನಲ್ಲಿಗೆ 'ಬೇಕು' ಅನ್ನಬೇಕು. ಅದು ಒಂದು ಬೆರಳು ಮಡಚತೈತಿ. ಕೆಲಸ ಮುಗದ ಮ್ಯಾಲೆ 'ಸಾಕು' ಅನ್ನಬೇಕು, ಬೆರಳು ಬಿಡತೈತಿ. ಒಂದು ಬೆರಳೂ ಮಡಚಿಲ್ಲ ಅಂದ್ರ, ತುಸು ಹೊತ್ತು ನೋಡಿ ರೇಡಿಯೋನ ಮಲಗಸ್ತೈತಿ. ರೇಡಿಯೋ ಮಲಗಿದ ಮ್ಯಾಲೆ ಅದಕ್ಕ ಕರೆಂಟ್ ಕೊಡೋ ಲೈನೂ ಮಲಗತೈತಿ. ಮಕ್ಕಳು ಎದ್ದಿದ್ರ ತಾಯಿ ಮಲಗಂಗಿಲ್ಲ."

"ಇದನ್ನ ಕಲಿಯಾಕ ನೀನು ಕಾಲೇಜಿಗೆ ಹೋಗಬೇಕಿತ್ತೇನ?" ಎಂದಳು ಊಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮ.

"ನಮ್ಮ ಕೋಡಿನ್ಯಾಗ ಯಾರೋ ಒಬ್ರು ಬೇಕು ಅಂದು, ಸಾಕು ಅನ್ನದ ಎದ್ದು ಹೋಗ್ಯಾರ. ಬೆರಳು ಮಡಚಿದ್ದು ಮಡಚಿದಂಗೇ ಐತಿ, ರೇಡಿಯೋ ಮಲಗದ ಬ್ಯಾಟ್ರಿ ಖಾಲಿ ಆಗತೈತಿ. ಯಾರು ಅಂತ ಸಿಗವಲ್ದು."

"ತಮಾಷಿ ನೋಡ್ರಿ ಕಾಕಾ," ಎಂದ ಫಾರೂಕ್, "ಇಲ್ಲಿ ಈ ಟೇಬಲ್ ಮ್ಯಾಲೆ ತಿಂಗಳಿಂದ ಒಂದು ಡಬ್ಬಿ ಆರಾಮ ಬದುಕೈತಿ. ಅಣ್ಣತಮ್ಮರಂಥವು, ಎಲ್ಲಾ ಒಂದೇ. ಸಿರುಗುಪ್ಪಕ್ಕ ಹೋದ್ವು ಅಂದ್ರ ಸಾಯ್ತಾವು."

"ಸಿರುಗುಪ್ಪದ ನೀರೇ ಹಂಗ," ಎಂದು ಕಂಟ್ರೋಲರು ರೋಗನಿರ್ಣಯ ಮಾಡಿದರು. "ನನ್ನ ಹೊಟ್ಟೀನೂ ಅಲ್ಲಿ ನಾಕು ದಿನಕ್ಕ ಕೆಡತೈತಿ."

ಆದರೆ ಮೆಟ್ಟಿಲು ಇಳಿಯುವಾಗ ಅವರ ಮನಸ್ಸಿನಲ್ಲಿ ಒಂದೇ ಮಾತು ಕುಣಿಯುತ್ತಿತ್ತು. ಬೇಕು, ಸಾಕು. ಆಹಾ! ಇಷ್ಟು ದೊಡ್ಡ ವಿದ್ಯೆ ಒಂದು ಡಬ್ಬಿಯೊಳಗೆ ಕೂತು ಕೊಳೆಯುವುದೇ? ಅಂಗಳಕ್ಕೆ ಬಂದ ಅವರ ಕಣ್ಣು ಬೋರಿನ ಮೋಟರಿನ ಸ್ವಿಚ್ಚಿನ ಮೇಲೆ ಬಿತ್ತು.

ಆ ಮೋಟರಿನ ಕಥೆ ವಠಾರದಲ್ಲಿ ದೊಡ್ಡದು. ಒಬ್ಬರು ಹಾಕುವರು, ಮರೆಯುವರು. ಇನ್ನೊಬ್ಬರು ಕೊಡ ಅರ್ಧ ತುಂಬಿರುವಾಗಲೇ ಮತ್ತೊಬ್ಬರು ಬಂದು ಆರಿಸುವರು. ದಿನಾ ಜಗಳ. ಒಮ್ಮೆ ಮೋಟರು ಸುಟ್ಟೂ ಆಗಿತ್ತು. ಉಜ್ಜಿನಪ್ಪನವರು ಮರುದಿನವೇ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಂದು, ಸ್ವಿಚ್ಚಿನ ಪಕ್ಕ ಒಂದು ದಾರ ಕಟ್ಟಿ, ಸೀಟಿ ಊದಿ ವಠಾರವನ್ನೆಲ್ಲ ಸೇರಿಸಿದರು.

"ಇವತ್ತಿನಿಂದ ನಮ್ಮ ವಠಾರಕ್ಕ ಕರ್ನಲ್ ಪದ್ಧತಿ! ನೀರು ಬೇಕಾದವರು ಮೊದಲು ದಾರಕ್ಕ ತಮ್ಮ ಕ್ಲಿಪ್ಪು ಹಾಕಬೇಕು. ಆಮ್ಯಾಲೆ ಸ್ವಿಚ್ಚು. ನೀರು ಸಾಕಾತು, ಕ್ಲಿಪ್ಪು ತೆಗೀಬೇಕು. ದಾರ ಖಾಲಿ ಆದ್ರ, ಕಡೇಕ ತೆಗದವರು ಮೋಟರ್ ಆರಸಬೇಕು. ದಾರದ ಮ್ಯಾಲೆ ಒಂದು ಕ್ಲಿಪ್ಪು ಇತ್ತೋ, ಬ್ರಹ್ಮ ಬಂದ್ರೂ ಸ್ವಿಚ್ಚಿಗೆ ಕೈ ಹಚ್ಚಂಗಿಲ್ಲ!"

"ಕ್ಲಿಪ್ಪು ಮುರದ್ರ ಏಂ ಮಾಡಬೇಕು ನಾಯನಾ?" ಎಂದು ಕೇಳಿದಳು ಯಂಕಮ್ಮಜ್ಜಿ. ಮೇಲಿನ ಕೊನೇ ಮನೆಯ ಈ ಮುದುಕಿ ಯಾವ ಕಾನೂನಿನಲ್ಲೂ ತೂತು ಹುಡುಕುವವಳು.

"ನಿಮ್ಮದು ಅಂತ ಗುರುತು ಇರೋದು ಏನರ ಒಂದು ಹಾಕ್ರಿ ಅಜ್ಜಿ. ಒಟ್ಟು ದಾರದ ಮ್ಯಾಲೆ ಇರಬೇಕು."

ಸಮದ್ ಸಾಹೇಬರು ಗಡ್ಡ ನೀವುತ್ತ, "ಕಂಟ್ರೋಲರ್ ಸಾಬ್, ಈ ಸಲ ಮೋಟರ್ ಕೆಟ್ರ ನಾನು ರಿಪೇರಿ ಮಾಡಸಲ್ಲ ನೋಡ್ರಿ. ಜವಾಬ್ದಾರಿ ನಿಮ್ದು," ಎಂದರು.

"ನನ್ದೇ!" ಎಂದರು ಉಜ್ಜಿನಪ್ಪನವರು, ಎದೆ ತಟ್ಟಿ. ಒಂದು ಸಲ ಹೆಸರು ಕಳೆದುಕೊಂಡವನಿಗೆ ಎರಡನೇ ಸಲ ಕಳೆಯಲು ಏನೂ ಉಳಿದಿರುವುದಿಲ್ಲ, ಅದೊಂದು ಧೈರ್ಯ.

ಮೊದಮೊದಲು ಪದ್ಧತಿ ಬೆಣ್ಣೆಯಂತೆ ನಡೆಯಿತು. ಜಗಳ ನಿಂತಿತು. ಪಕ್ಕದ ಓಣಿಯ ಹೆಂಗಸರು ಬಂದು ದಾರವನ್ನು ನೋಡಿ ಹೋದರು. ಕುರುಗೋಡಿನಲ್ಲಿ ಕಂಟ್ರೋಲರು ಪ್ರಯಾಣಿಕರನ್ನು ನಿಲ್ಲಿಸಿಕೊಂಡು ಬೇಕು-ಸಾಕು ವಿವರಿಸತೊಡಗಿದರು. ಬಳ್ಳಾರಿ ಬಸ್ಸಿನ ಕಂಡಕ್ಟರನೊಬ್ಬ ಇಳಿದು ಬಾಯಿ ಬಿಟ್ಟು ಕೇಳುತ್ತ ನಿಂತ. ಡ್ರೈವರು ಅವನನ್ನು ಬಿಟ್ಟೇ ಹೊರಟುಹೋದ.

ಯಶಸ್ಸು ತಲೆಗೇರಿ ಉಜ್ಜಿನಪ್ಪನವರು ಪದ್ಧತಿಯನ್ನು ಮನೆಯೊಳಗೂ ತಂದರು. ಫ್ಯಾನಿಗೊಂದು ದಾರ, ಟಿವಿಗೊಂದು ದಾರ. ಅಡಿಗೆಮನೆ ಬಾಗಿಲಿಗೂ ದಾರ ಕಟ್ಟಲು ಹೋದಾಗ ಕೊಟ್ರಮ್ಮ ಲಟ್ಟಣಿಗೆ ಕೆಳಗಿಟ್ಟಳು.

"ಲಗ್ನ ಆದಾಗಿಂದ ನನ್ನ ಕ್ಲಿಪ್ಪು ಈ ಬಾಗಿಲಿಗೆ ನೇತಾಡಾಕ ಹತ್ತೈತಿ. ತೆಗಿಯವರು ಯಾರು ಹೇಳ್ರಿ, ಆಮ್ಯಾಲೆ ದಾರ ಕಟ್ರಿ."

ಕಂಟ್ರೋಲರು ದಾರ ಸುತ್ತಿ ಕಿಸೆಗೆ ಹಾಕಿಕೊಂಡರು.

ಶುಕ್ರವಾರ ಬೆಳಿಗ್ಗೆ ನೇತ್ರಾ ಮತ್ತು ಫಾರೂಕ್ ಮೊದಲನೇ ಬಸ್ಸಿಗೆ ಸಿರುಗುಪ್ಪಕ್ಕೆ ಹೋದರು, ಗದ್ದೆಯಲ್ಲೇ ಕೂತು ರೋಗ ಹಿಡಿಯೋಣ ಎಂದು. ಮಗಳ ಮುಖ ಬಾಡಿದ್ದನ್ನು ನೋಡಿ ಉಜ್ಜಿನಪ್ಪನವರು, ಕುಬಸದ ದಿನ ಬಾಯಿಗೊಂದು ಕ್ಲಿಪ್ಪು ಹಾಕಿಕೊಂಡಿದ್ದರೆ ಚೆನ್ನಾಗಿತ್ತು ಎಂದುಕೊಂಡರು. ಅದೇ ಯೋಚನೆಯಲ್ಲಿ ಸ್ನಾನಕ್ಕೆ ನೀರು ತುಂಬಲು ಅಂಗಳಕ್ಕೆ ಇಳಿದರು. ಕ್ಲಿಪ್ಪು ಸಿಗಲಿಲ್ಲ, ಕೊಟ್ರಮ್ಮ ಅದನ್ನು ರವೆ ಪೊಟ್ಟಣಕ್ಕೆ ಹಾಕಿಬಿಟ್ಟಿದ್ದಳು. ಕಾನೂನು ಮಾಡಿದವನೇ ಕಾನೂನು ಮುರಿಯಬಾರದಲ್ಲ? ಕೈಗೆ ಸಿಕ್ಕಿದ್ದನ್ನು ದಾರಕ್ಕೆ ಸಿಕ್ಕಿಸಿ, ಸ್ವಿಚ್ಚು ಒತ್ತಿದರು. ಮೋಟರು ಸುಮ್ಮನಿತ್ತು. ಕರೆಂಟು ಹೋಗಿತ್ತು. ತುಸು ಹೊತ್ತು ಕಾದರು, ಬಸ್ಸಿನ ಹೊತ್ತಾಯಿತು, ನಿನ್ನೆಯ ನೀರಿನಲ್ಲೇ ಮುಖ ತೊಳೆದು ಓಡಿದರು.

ಆ ದಿನ ಕುರುಗೋಡಿನಲ್ಲಿ ಅವರಿಗೆ ಕೈಯೇ ಆಡಲಿಲ್ಲ. ಕೊರಳಲ್ಲಿ ಸೀಟಿ ಇಲ್ಲ! ಚಹದಂಗಡಿಯವನನ್ನು ಗದರಿಸಿದರು, ಕಸ ಗುಡಿಸುವವಳನ್ನು ಕೇಳಿದರು, ಕೊನೆಗೆ ಬಾಯಿಯಲ್ಲೇ "ಪೀ... ರೈಟ್" ಎನ್ನುತ್ತ ಬಸ್ಸು ಬಿಟ್ಟರು. ಬಸ್ಸುಗಳೇನೋ ಎಂದಿನ ಹೊತ್ತಿಗೇ ಹೋದವು.

ಸಂಜೆ ವಠಾರಕ್ಕೆ ಬಂದರೆ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಸಮದ್ ಅವರ ಟ್ರಂಕುಗಳು ಅಂಗಡಿ ಬಿಟ್ಟು ಬಂದು ಬೀದಿ ಬಾಗಿಲಲ್ಲಿ ತೇಲುತ್ತಿದ್ದವು. ಸುಟ್ಟ ವಾಸನೆ. ಜನರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಸಿರುಗುಪ್ಪದಿಂದ ಬರಿಗೈಯಲ್ಲಿ ಮರಳಿದ್ದ ನೇತ್ರಾ ಮತ್ತು ಫಾರೂಕ್ ಕೂಡ ಸತ್ತ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು.

"ಏನಾತು?"

"ಏನಾಗಬೇಕು?" ಎಂದಳು ಯಂಕಮ್ಮಜ್ಜಿ. "ಮಧ್ಯಾಹ್ನ ಕರೆಂಟ್ ಬಂತು, ಮೋಟರ್ ತಾನೇ ಎದ್ದು ಕೂತಿತು. ನೀರಿನ ಟಾಕಿ ತುಂಬಿ ಸುರೀತು. ಆರಸಾಣ ಅಂತ ಹೋದೆ, ದಾರದ ಮ್ಯಾಲೆ ಗುರುತು ನೇತಾಡತಿತ್ತು. ಬ್ರಹ್ಮ ಬಂದ್ರೂ ಮುಟ್ಟಬ್ಯಾಡ ಅಂದಿದ್ದಿ. ಯಾರೋ ತುಂಬಾಕ ಹತ್ಯಾರ ಅಂತ ವಾಪಸ್ ಬಂದೆ ನಾಯನಾ."

"ನಾನೂ ನೋಡಿದೆ," ಎಂದಳು ಕೊಟ್ರಮ್ಮ. "ಜೀವಮಾನದಾಗ ಒಂದು ಸಲ ನಿಮ್ಮ ಮಾತು ಕೇಳಾಣ ಅನಸ್ತು. ಇದಾತು."

ಸಮದ್ ಸಾಹೇಬರು ಜುಮ್ಮಾ ನಮಾಜು ಮುಗಿಸಿ, ನೆಂಟರ ಮನೆಯಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಟ್ರಂಕುಗಳು ಅವರನ್ನು ಎದುರುಗೊಂಡಿದ್ದವಂತೆ. ಸ್ವಿಚ್ಚು ಆರಿಸಿದವರು ಅವರೇ. ಮೋಟರು ಅಷ್ಟರಲ್ಲಿ ಸುಟ್ಟು ತಾನಾಗಿಯೇ ನಿಂತಿತ್ತು.

ಉಜ್ಜಿನಪ್ಪನವರ ಮೈ ಉರಿಯಿತು. ಇಂಥಾ ಪವಿತ್ರ ಪದ್ಧತಿಗೆ ಇಂಥಾ ದ್ರೋಹವೇ? ಅವರು ಪ್ಯಾಂಟು ಮಡಚಿ, ನೀರಿನ ನಡುವೆ ನಿಂತು, ನ್ಯಾಯಾಧೀಶರಾದರು.

"ಬೇಕು ಅಂದು ಸಾಕು ಅನ್ನದವರು ಯಾರೇ ಇರ್ಲಿ, ಶಿಕ್ಷಾ ಆಗಲೇಬೇಕು! ಮೋಟರ್ ರಿಪೇರಿ ಆಗೋತನಕ ಬೀದಿ ನಳದಿಂದ ಎಲ್ಲಾ ಮನಿಗೂ ಅವರೇ ನೀರು ಹೊತ್ತು ಹಾಕಬೇಕು! ರಿಪೇರಿನೂ ಅವರೇ ಮಾಡಸಬೇಕು!"

"ಕಂಟ್ರೋಲರ್ ಸಾಬ್," ಎಂದರು ಸಮದ್, "ಸ್ವಲ್ಪ ಕಡಿಮಿ ಮಾಡ್ರಿ. ಪಾಪ, ವಯಸ್ಸಾದವರು ಇರಬಹುದು."

"ಒಂದು ಕೊಡನೂ ಕಡಿಮಿ ಇಲ್ಲ!"

"ಮನ್ಯಾಗ ಮರ್ಯಾದಸ್ಥರು ಇರಬಹುದು."

"ಮರ್ಯಾದಸ್ಥರಿಗೆ ಎರಡು ಕೊಡ ಹೆಚ್ಚಿಗಿ! ಎಲ್ಲಿ, ಆ ಕ್ಲಿಪ್ಪು ತರ್ರಿ ಇಲ್ಲೆ!"

ಸಮದ್ ಸಾಹೇಬರು ನಿಟ್ಟುಸಿರು ಬಿಟ್ಟು ಜುಬ್ಬಾದ ಕಿಸೆಗೆ ಕೈ ಹಾಕಿದರು. ಹೊರಗೆ ಬಂದದ್ದು ಕಪ್ಪು ದಾರ. ದಾರದ ತುದಿಗೆ ಹಿತ್ತಾಳೆಯ ಸೀಟಿ.

ಮೊದಲು ಯಂಕಮ್ಮಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಗೆ ಕಟ್ಟೆ ಒಡೆಯಿತು. ಇಡೀ ವಠಾರ ಬಿದ್ದು ಬಿದ್ದು ನಕ್ಕಿತು.

"ಆದ್ರ... ಆದ್ರ ಕರೆಂಟೇ ಇರಲಿಲ್ಲ!" ಎಂದು ಉಜ್ಜಿನಪ್ಪನವರು ಕೂಗಿದರು. "ನಂಗ ಒಂದು ಹನಿ ನೀರು ಸಿಗಲಿಲ್ಲ. ಬೇಕು ಅಂದೆ, ಖರೆ. ಸಿಕ್ಕರ ಸಾಕು ಅನ್ನಬೇಕು. ಸಿಗಲೇ ಇಲ್ಲ ಅಂದ ಮ್ಯಾಲೆ ಸಾಕು ಅನ್ನೋದು ಯಾವುದಕ್ಕ?"

"ಅಯ್ಯ! ಸಿಕ್ಕರೇನು, ಸಿಗದಿದ್ರೇನು?" ಎಂದಳು ಅಜ್ಜಿ. "ಬಂದಾಗ ಹಾಕಿದ್ದನ್ನ ಹೋಗುವಾಗ ತೆಗೀಬೇಕಪ್ಪ."

"ಅಪ್ಪಾ," ಎಂದಳು ನೇತ್ರಾ. ಅವಳೊಬ್ಬಳು ನಗುತ್ತಿರಲಿಲ್ಲ. "ಈಗ ಏನಂದಿ? ಇನ್ನೊಂದು ಸಲ ಹೇಳು."

"ಸಾಕು ಬಿಡವ್ವ, ಮಾನ ಹೋಗಿದ್ದು ಸಾಲದೇನ?"

"ಅಲ್ಲಪ್ಪ, ಹೇಳು!"

"ಬೇಕು ಅಂದೆ. ಸಿಗಲಿಲ್ಲ. ಎದ್ದು ಹೋದೆ."

ನೇತ್ರಾ ಫಾರೂಕನ ಕಡೆ ತಿರುಗಿದಳು. ಫಾರೂಕ್ ಆಗಲೇ ಹಣೆ ಬಡಿದುಕೊಳ್ಳುತ್ತಿದ್ದ.

"ಮಾಮಾರ ಗದ್ದ್ಯಾಗ ಸಿಗ್ನಲ್ ಬಂದು ಹೋಗಿ ಮಾಡತೈತಿ," ಎಂದಳು ನೇತ್ರಾ. "ರೇಡಿಯೋ ಬೇಕು ಅಂತ ಕೇಳತೀವಿ. ಬೆರಳು ಮಡಚತೈತಿ. ಸಿಗ್ನಲ್ ಇಲ್ಲ, ರೇಡಿಯೋಕ್ಕ ಸುದ್ದಿ ಕಳಸಾಕ ಆಗಂಗಿಲ್ಲ. ಕೆಲಸ ಆಗಲಿಲ್ಲ ಅಂತ ನಮ್ಮ ಕೋಡು ಅಲ್ಲಿಂದಲೇ ವಾಪಸ್ ಬರತೈತಿ. ಸಾಕು ಅನ್ನೋ ಸಾಲಿನ ತನಕ ಹೋಗೋದೇ ಇಲ್ಲ!"

"ಇಲ್ಲಿ ಸಿಗ್ನಲ್ ಭರ್ತಿ ಐತಿ. ಅದಕ್ಕ ಇಲ್ಲಿ ಸಾಯಲ್ಲ," ಎಂದ ಫಾರೂಕ್. "ಈಗ ನೋಡಾಕ ಸಿರುಗುಪ್ಪಕ್ಕ ಮತ್ತ ಹೋಗಬೇಕೇನು?"

"ಸಿಗ್ನಲ್ ಇರಬಾರದು, ಅಷ್ಟೇ ಹೌದಲ್ಲೋ?" ಎಂದರು ಸಮದ್. "ನನ್ನ ಟ್ರಂಕಿನೊಳಗ ಫೋನಿಟ್ಟು ಮುಚ್ಚಿದ್ರ ಮಾವನ ಮನಿಯಿಂದ ಕೂಡ ಫೋನ್ ಬರಲ್ಲ. ನಾನು ಇಟ್ಟು ನೋಡೀನಿ."

ತೇಲುತ್ತಿದ್ದ ದೊಡ್ಡ ಮದುವೆ ಟ್ರಂಕೊಂದನ್ನು ಎಳೆದು ಮೆಟ್ಟಿಲ ಮೇಲೆ ಹತ್ತಿಸಿದರು. ಒಳಗೆ ನೋಡಿದರೆ ಒಂದು ಹನಿ ನೀರಿಲ್ಲ. ಸಮದ್ ಸಾಹೇಬರು ಅದನ್ನು ಎಲ್ಲರಿಗೂ ತೋರಿಸಿದರು. ಬ್ಯಾಟರಿ ಬದಲಿಸಿ ಡಬ್ಬಿ ಒಳಗಿಟ್ಟು, ಫಾರೂಕ್ ತೆಳ್ಳಗಿನ ತಂತಿಯನ್ನು ಮುಚ್ಚಳದ ಸಂದಿಯಿಂದ ಹೊರಗೆ ತಂದು, ಡಬ್ಬಿ ಎಷ್ಟು ಕರೆಂಟು ಎಳೆಯುತ್ತದೆಂದು ತೋರಿಸುವ ಮೀಟರಿಗೆ ಕಟ್ಟಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ.

"ಯಾರರ ಮ್ಯಾಲೆ ಕೂಡಬೇಕು," ಎಂದ ಫಾರೂಕ್.

ಎಲ್ಲರ ಕಣ್ಣೂ ಒಬ್ಬರ ಮೇಲೆ ಬಿತ್ತು. ಉಜ್ಜಿನಪ್ಪನವರು ಹೋಗಿ ಟ್ರಂಕಿನ ಮೇಲೆ ಕೂತರು. ತಮ್ಮ ಜೀವನದಲ್ಲಿ ಇಷ್ಟು ಉಪಯುಕ್ತವಾದ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

ಮೀಟರಿನ ಅಂಕಿ ಏರಿತು. ಇಳಿಯಲೇ ಇಲ್ಲ. ಚಹ ಬಂತು, ಕುಡಿದಾಯಿತು, ಅಂಕಿ ಅಲ್ಲೇ ನಿಂತಿತ್ತು. "ಸಾಯಾಕ ಹತ್ತೈತಿ!" ಎಂದು ನೇತ್ರಾ ಸಂತೋಷದಿಂದ ಕೂಗಿದಳು. ಯಂಕಮ್ಮಜ್ಜಿಗೆ ಗಾಬರಿಯಾಯಿತು: ಈ ಹುಡುಗಿಗೆ ಏನಾಯಿತಪ್ಪ, ಸತ್ತರೆ ನಗುತ್ತಾಳೆ.

"ಕೆಲಸ ಆಗದ ವಾಪಸ್ ಬರೋ ದಾರ್ಯಾಗ ಸಾಕು ಅನ್ನೋ ಸಾಲು ಹಾಕತೀನಿ, ತಡೀರಿ." ಮೆಟ್ಟಿಲ ಮೇಲೇ ಕೂತು ಲ್ಯಾಪ್‌ಟಾಪಿನಲ್ಲಿ ನೇತ್ರಾ ಬರೆದದ್ದು ಒಂದೇ ಸಾಲು. ಡಬ್ಬಿಗೆ ಅದನ್ನು ತುಂಬಿ ಮತ್ತೆ ಟ್ರಂಕಿಗೆ ಇಟ್ಟರು. ಕಂಟ್ರೋಲರು ಮತ್ತೆ ಕೂತರು. ಈ ಸಲ ವಠಾರದಲ್ಲಿ ಯಾರೂ ನಗಲಿಲ್ಲ. ಉಜ್ಜಿನಪ್ಪನವರು ಕಣ್ಣು ಮುಚ್ಚಿ ಕುಲದೇವರನ್ನು ನೆನೆದರು. ನನ್ನ ಹೆಸರು ಹಾಳಾಗಲಿ ತಾಯಿ, ಈ ಮಕ್ಕಳ ಅಂಗಡಿ ಉಳಿಸು.

ಅಂಕಿ ಏರಿತು. ನಿಂತಿತು. ತುಸು ಹೊತ್ತು ಯೋಚಿಸಿತು. ಆಮೇಲೆ ಸರಸರನೆ ಇಳಿದು, ಇದ್ದೂ ಇಲ್ಲದಂತೆ ತಳಕ್ಕೆ ಹೋಗಿ ಮಲಗಿತು.

"ಮಲಗ್ತು!" ಎಂದ ಫಾರೂಕ್, ಮಗುವನ್ನು ಎಬ್ಬಿಸಬಾರದೆಂಬಂತೆ ಪಿಸುಗುಟ್ಟಿ. ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಅನ್ನ ಕಲಸಲು ಒಳಗೆ ಹೋದಳು.

ಭಾನುವಾರ ನೇತ್ರಾ, ಫಾರೂಕ್ ಇಬ್ಬರೂ ಸಿರುಗುಪ್ಪದ ಸಭೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರು, ಸೀಟಿಯನ್ನೂ ಸೇರಿಸಿ. ರೈತರು ನಕ್ಕೂ ನಕ್ಕೂ ಸುಸ್ತಾದರಂತೆ. ಮಾರೆಣ್ಣ, "ಹತ್ತು ದಿನ ನೋಡತೀನವ್ವ, ಬದುಕಿದ್ರ ನಮ್ಮವು, ಸತ್ರ ನಿಮ್ಮವು," ಎಂದು ಡಬ್ಬಿಗಳನ್ನು ಮತ್ತೆ ಕಟ್ಟಿಸಿಕೊಂಡ.

ಇತ್ತ ಕೌಲ್ ಬಜಾರಿನಲ್ಲಿ ನ್ಯಾಯ ನಡೆಯುತ್ತಿತ್ತು. ಮೋಟರು ಕಂಟ್ರೋಲರ ಖರ್ಚಿನಲ್ಲಿ ರಿಪೇರಿಗೆ ಹೋಗಿತ್ತು, ಇನ್ನೂ ವಾಪಸ್ ಬಂದಿರಲಿಲ್ಲ. ದಿನಾ ಬೆಳಿಗ್ಗೆ, ದಿನಾ ಸಂಜೆ, ಖಾಕಿ ಪ್ಯಾಂಟು ಮಡಚಿದ ಕಂಟ್ರೋಲರು ಬೀದಿ ನಳದಿಂದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಸಮದ್ ಸಾಹೇಬರು ಶಿಕ್ಷೆ ಮನ್ನಾ ಎಂದರೂ ಕೇಳಲಿಲ್ಲ. ಮರ್ಯಾದಸ್ಥರಿಗೆ ಎರಡು ಕೊಡ ಹೆಚ್ಚಿಗೆ ಎಂದು ಬಾಯಿಬಿಟ್ಟಿದ್ದರಲ್ಲ, ಅದನ್ನೂ ಹೊತ್ತರು; ಹೊರದಿದ್ದರೆ ಮರ್ಯಾದಸ್ಥರಲ್ಲ ಎಂದು ಒಪ್ಪಿದಂತಾಗುತ್ತಿತ್ತು. ಅಡಿಗೆಮನೆಯ ಬಾಗಿಲಿಗೂ ಒಂದು ಸಂಜೆ ದಾರ ಬಂತು, ಅದರಲ್ಲಿ ಹಿತ್ತಾಳೆಯ ಸೀಟಿ ನೇತಾಡುತ್ತಿತ್ತು. "ಇವತ್ತು ನಂದು. ನೀ ಹೊರಗ ಕೂಡು," ಎಂದರು ಉಜ್ಜಿನಪ್ಪನವರು. ಉಪ್ಪಿಟ್ಟು ತಳ ಹಿಡಿದಿತ್ತು. ಕೊಟ್ರಮ್ಮ ತಳವನ್ನೂ ಕೆರೆದು ತಿಂದಳು.

ಮಾರೆಣ್ಣ ಹೇಳಿದ ಗಡುವು ದಾಟಿದ ಮರುಬೆಳಿಗ್ಗೆ ಉಜ್ಜಿನಪ್ಪನವರು ಯಂಕಮ್ಮಜ್ಜಿಯ ಕೊಡ ಹೊತ್ತು ನಡು ಮೆಟ್ಟಿಲಲ್ಲಿದ್ದಾಗ ಫೋನು ಹೊಡೆದುಕೊಂಡಿತು. ಮಾರೆಣ್ಣ. ಕೊಡ ಇಳಿಸಿ, ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದರು. ಮೇಲೆ ನೇತ್ರಾ ಕೋಣೆಯಿಂದ ಹೊರಗೆ ಬಂದು ಕಂಬಿ ಹಿಡಿದು ನಿಂತಳು.

"ಭಾವಾ! ರಾತ್ರಿ ನೀರು ಬಂತು!"

"ಬಂತಾ? ಡಬ್ಬಿ?"

"ಡಬ್ಬೀನೇ ಎಬ್ಬಿಸ್ತು ಭಾವಾ! ಮನ್ಯಾಗ ಕೌದಿ ಹೊದ್ದು ಮಲಗಿದ್ದೆ, ಮೊಬೈಲು 'ನೀರು ಬಂತು' ಅಂತು. ಹೋಗಿ ಗದ್ದಿಗೆ ನೀರು ಕಟ್ಟಿ ಬಂದು ಮತ್ತ ಮಲಗಿದೆ! ಎಲ್ಲಾರ ಡಬ್ಬಿನೂ ಬದುಕ್ಯಾವು. ಕಾಲುವಿ ಆಚಿಗಿನವರೂ ಕೇಳಾಕ ಹತ್ಯಾರ. ನಿನ್ನ ಹೆಸರು ವಾಪಸ್ ತಗೋ ಭಾವಾ!"

ಉಜ್ಜಿನಪ್ಪನವರ ಎದೆ ತಾನಾಗಿಯೇ ಉಬ್ಬಿತು. ಬಾಯಿ ತೆರೆಯಿತು. 'ನಾನು ಅವತ್ತೇ ಹೇಳಿದ್ದೆ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ತಲೆ ಎತ್ತಿದರೆ ಮಗಳು ನೋಡುತ್ತಿದ್ದಳು. ಅವರು ಆ ಮಾತನ್ನು ನುಂಗಿದರು. ಆವತ್ತಿನ ಮಿರ್ಚಿಗಿಂತ ಕಷ್ಟವಾಯಿತು.

"ಹೆಸರು ನಮ್ಮ ನೇತ್ರಾಂದು, ಫಾರೂಕಂದು ಮಾರೆಣ್ಣ," ಎಂದರು. "ನಾನು ಬರೇ ಸೀಟಿ ಮರ್ತಿದ್ದೆ."

ನೇತ್ರಾ ಧಡಧಡನೆ ಇಳಿದು ಬಂದು, ಕೊಡ ಎತ್ತಲು ಒಂದು ಕಡೆ ಕೈ ಹಾಕಿದಳು. ಇನ್ನೊಂದು ಕಡೆ ಅವರು ಹಿಡಿದರು. ಯಂಕಮ್ಮಜ್ಜಿ ಬಾಗಿಲಲ್ಲಿ ಕೂತು ಇವರ ದಾರಿಯನ್ನೇ ನೋಡುತ್ತಿದ್ದಳು. ಕೊಡ ಹಂಡೆಗೆ ಸುರಿದಾಗ ನೀರು ಕಂಠದ ತನಕ ಬಂತು.

"ಇನ್ನೊಂದು ತರಲೇನು ಅಜ್ಜಿ?"

"ಸಾಕು ನಾಯನಾ," ಎಂದಳು ಅಜ್ಜಿ. "ಹೋಗಿ ತುಸು ಮಲಗು."